ರೊಡ್ರಿಗೊನ ಮಕ್ಕಳು

ಅವರ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಅಡ್ಡಹೆಸರನ್ನು ಮಾತ್ರ ಹೇಳದೆ ವಿಧಿಯಿಲ್ಲ, ಯಾಕೆಂದರೆ ಅದಿಲ್ಲದೆ ಅವರೇ ಇಲ್ಲ. ರೊಡ್ರಿಗಸ್. ಇಷ್ಟು ಹೇಳಿದ್ದರಿಂದ ಯಾರ ಗುಟ್ಟೂ ರಟ್ಟಾಗುವುದಿಲ್ಲ. ದೋಹಾದ ಯಾವುದಾದರೂ ಆಸ್ಪತ್ರೆಗೆ ಹೋಗಿ, ಜನ ಕಾಯುತ್ತಾ ಕೂತಿರುವಲ್ಲಿ ನಿಂತು, ಗಟ್ಟಿಯಾಗಿ 'ರೊಡ್ರಿಗಸ್' ಎಂದು ಕೂಗಿ ನೋಡಿ. ನರ್ಸು, ರೋಗಿ, ಎಕ್ಸ್‌ರೇ ತೆಗೆಯುವವನು, ಕ್ಯಾಂಟೀನಿನಲ್ಲಿ ಚಹಾ ಕೊಡುವವಳು ಎಲ್ಲರೂ ತಿರುಗಿ ನೋಡುತ್ತಾರೆ. ಇದು ನನ್ನ ಮಾತಲ್ಲ, ಅವರದ್ದು. ಒಮ್ಮೆ ನಿಜವಾಗಿಯೂ ಹಾಗೆ ಕೂಗಿ ನೋಡಿದ್ದರಂತೆ. ಸೆಕ್ಯೂರಿಟಿಯವನು ಬಂದು ತೋಳು ಹಿಡಿದು ಹೊರಗೆ ಕಳಿಸಿದನಂತೆ. ಆ ಸೆಕ್ಯೂರಿಟಿಯವನ ಎದೆಯ ಪಟ್ಟಿಯಲ್ಲಿ ಯಾವ ಹೆಸರಿತ್ತು ಎಂದು ನಾನು ಬೇರೆ ಹೇಳಬೇಕಾಗಿಲ್ಲ. ಮುಂದಿನ ಶುಕ್ರವಾರ, ರಜೆಯ ದಿನ, ಅವನು ಇವರ ಮನೆಯಲ್ಲಿ ಇಡ್ಲಿಯಂಥ ಸನ್ನ ಮತ್ತು ಕೋಳಿ ಸಾರು ಉಣ್ಣುತ್ತಿದ್ದ.

ಹೋದ ತಿಂಗಳು ಅವರು ಕೆಲಸ ಮುಗಿಸಿ ಮಂಗಳೂರಿಗೆ ಹೊರಟುಹೋದರು. ಅವರ ಕುರ್ಚಿಗೆ ಬಂದಿರುವಾತ ಚುರುಕಾಗಿದ್ದಾನೆ, ಅವನ ಬಗ್ಗೆ ನನಗೇನೂ ದೂರಿಲ್ಲ. ಆದರೆ ಅವನಿಗೆ ಪಾಸ್‌ಪೋರ್ಟ್ ಎಂದರೆ ಬರೀ ಪಾಸ್‌ಪೋರ್ಟ್. ಅವರು ಇದ್ದಾಗ ಹಾಗಿರಲಿಲ್ಲ.

ನಮ್ಮದು ಕಟ್ಟಡ ಕಟ್ಟುವ ಕಂಪನಿ, ಆಫೀಸು ದೋಹಾದ ಬಿನ್ ಒಮ್ರಾನಿನಲ್ಲಿ. ನಾನು ಅಕೌಂಟ್ಸ್, ಅವರು ಎಚ್ಆರ್. ಹೊಸದಾಗಿ ಕೆಲಸಕ್ಕೆ ಬಂದ ಪ್ರತಿಯೊಬ್ಬರ ಪಾಸ್‌ಪೋರ್ಟೂ ಅವರ ಮೇಜಿನ ಮೇಲೆ ಹಾದೇ ಮುಂದೆ ಹೋಗಬೇಕು. ಅವರು ಅದನ್ನು ತೆರೆಯುವುದೇ ಒಂದು ನೋಟ. ಹೆಬ್ಬೆರಳಿನಿಂದ ಫೋಟೋವನ್ನು ಮುಚ್ಚಿ, ಮೊದಲು ಅಡ್ಡಹೆಸರನ್ನು ಓದುತ್ತಿದ್ದರು. ಆಮೇಲೆ ಬೆರಳು ತೆಗೆದು ಮುಖ ನೋಡುತ್ತಿದ್ದರು. ಯಾಕೆ ಹೀಗೆ ಎಂದು ಕೇಳಿದರೆ, "ಮುಖ ಎಂತದು ಮೇಡಂ, ಗಡ್ಡ ಬಿಟ್ರೆ ಬದಲಾಗ್ತದೆ. ಹೆಸರು ಹಾಗಲ್ಲ," ಎನ್ನುತ್ತಿದ್ದರು.

ಆ ಹೆಸರು ರೊಡ್ರಿಗಸ್ ಆಗಿದ್ದರೆ, ಅಥವಾ ಸ್ಪೇನ್ ಕಡೆಯವರು ಹೇಳುವ ಹಾಗೆ ರೊಡ್ರಿಗೆಜ್ ಆಗಿದ್ದರೆ, ಕುರ್ಚಿ ಹಿಂದಕ್ಕೆ ಸರಿಯುವ ಸದ್ದು ನನ್ನ ಮೇಜಿನ ತನಕ ಕೇಳುತ್ತಿತ್ತು. ಎದ್ದು ಬಂದು ಅಪ್ಪಿಕೊಂಡುಬಿಡುತ್ತಿದ್ದರು. ಮನಿಲಾದಿಂದ ವಿಮಾನದಲ್ಲಿ ನಿದ್ದೆಗೆಟ್ಟು ಬಂದ ಹುಡುಗರಿಗೆ, ಟೈ ಕಟ್ಟಿಕೊಂಡ ಈ ದಪ್ಪ ಮೀಸೆಯ ಹಿಂದೂಸ್ತಾನಿ ಯಾಕೆ ಹೀಗೆ ಮೈಮೇಲೆ ಬೀಳುತ್ತಿದ್ದಾನೆ ಎಂದು ಗಾಬರಿ. ಆದರೆ ಕೆಲಸಗಾರರ ಕ್ಯಾಂಪಿನಲ್ಲಿ ಕಿಟಕಿ ಪಕ್ಕದ ಹಾಸಿಗೆ, ಬೀಗ ಸರಿಯಾಗಿ ಬೀಳುವ ಲಾಕರು, ಸದ್ದು ಮಾತ್ರವಲ್ಲದೆ ತಂಪನ್ನೂ ಕೊಡುವ ಏಸಿ ಇರುವ ಕೋಣೆ ಸಿಕ್ಕಮೇಲೆ ಗಾಬರಿ ಇಳಿದು ಭಕ್ತಿ ಹುಟ್ಟುತ್ತಿತ್ತು.

"ಇದು ಅನ್ಯಾಯ ಅಲ್ವಾ ಸಾರ್?" ಎಂದು ಒಮ್ಮೆ ಕೇಳಿದೆ.

"ಎಂತ ಅನ್ಯಾಯ? ನಿಮ್ಮ ಮೈಸೂರಿನವರು ಬಂದ್ರೆ ಅವರಿಗೂ ಕೊಡುವ. ಆದ್ರೆ ಗುರ್ತ ಹಿಡಿಯುದು ಹೇಗೆ? ನಿಮಗೆ ಅಡ್ಡಹೆಸರೇ ಇಲ್ವಲ್ಲ ಮಾರಾಯ್ತಿ!"

ಅದೇನೋ ನಿಜ. ನನ್ನ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗದಲ್ಲಿ ನಮ್ಮಪ್ಪನ ಹೆಸರಿದೆ. ದೋಹಾದ ಬ್ಯಾಂಕಿನವರೂ ಫೋನ್ ಕಂಪನಿಯವರೂ ನನ್ನನ್ನು ಇವತ್ತಿಗೂ 'ಮಿಸ್ ನಂಜುಂಡಸ್ವಾಮಿ' ಎಂದೇ ಕರೆಯುವುದು. ಬದುಕಿದ್ದಷ್ಟು ದಿನ ನಂಜನಗೂಡು ದಾಟದ ಅಪ್ಪ ದೋಹಾದಲ್ಲಿ ದಿನಕ್ಕೊಂದು ಮೆಸೇಜು ಪಡೆಯುತ್ತಿದ್ದಾರೆ.

"ನೋಡಿ, ರೊಡ್ರಿಗೆಜ್ ಅಂದ್ರೂ ಅದೇ," ಎಂದು ಅವರು ಪಾಠ ಶುರುಮಾಡಿದರು. "ಸ್ಪೇನಿನಲ್ಲಿ ರೊಡ್ರಿಗೊ ಅಂತ ಒಬ್ಬ ಇದ್ದ. ಕೀರ್ತಿವಂತ ರಾಜ ಅಂತ ಆ ಹೆಸರಿಗೆ ಅರ್ಥ. ಹಿಂದೆ ಇರುವ ಆ ಬಾಲಕ್ಕೆ ಮಗ ಅಂತ ಅರ್ಥ. ರೊಡ್ರಿಗೊನ ಮಗ. ನೀವು ತಲೆಮಾರಿಗೊಬ್ಬ ಅಪ್ಪನನ್ನು ಬದಲಾಯಿಸ್ತೀರಿ. ನಾವು ಒಬ್ಬನೇ ಅಪ್ಪನನ್ನು ಗಟ್ಟಿ ಹಿಡ್ಕೊಂಡು ಕೂತಿದ್ದೇವೆ, ಅಷ್ಟೇ ವ್ಯತ್ಯಾಸ."

ಈ ರೊಡ್ರಿಗೊನಿಗೆ ಅವರ ಪ್ರಕಾರ ಮೂವರು ಗಂಡುಮಕ್ಕಳು. ಒಬ್ಬ ಹಡಗು ಹತ್ತಿ ಪಶ್ಚಿಮಕ್ಕೆ ಹೋಗಿ ಅಮೆರಿಕದ ಕೆಳಭಾಗವನ್ನೆಲ್ಲ ತುಂಬಿದ. ಇನ್ನೊಬ್ಬ ಮನಿಲಾಕ್ಕೆ ಹೋದ. ಮೂರನೆಯವನು ಪಕ್ಕದ ಪೋರ್ಚುಗಲ್ಲಿನಲ್ಲಿ ನಾಲ್ಕು ದಿನ ಇದ್ದು, ಗೋವಾಕ್ಕೆ ಬಂದು, ಅಲ್ಲಿಂದ ಮಂಗಳೂರಿಗೆ ಬಂದ. ಈ ಮೂವರು ಅಣ್ಣತಮ್ಮಂದಿರ ಸಂತಾನವೇ ಈಗ ದೋಹಾದಲ್ಲಿ ಮತ್ತೆ ಒಟ್ಟುಗೂಡಿರುವುದು. ಅವರ ದೃಷ್ಟಿಯಲ್ಲಿ ಕತಾರ್ ಎಂಬ ದೇಶ ಇರುವುದೇ ಇದಕ್ಕಾಗಿ. ಗ್ಯಾಸು, ಎಣ್ಣೆ ಎಲ್ಲ ನೆಪ.

"ಹಾಗಾದ್ರೆ ನಿಮ್ಮ ಮನೆತನ ಮೊದಲು ಪ್ರಭುಗಳು ಅಂತ ಹೇಳಿದ್ರಲ್ಲ?" ಎಂದೆ. ಅದನ್ನೂ ಅವರೇ ಹೇಳಿದ್ದರು. ಮತಾಂತರಕ್ಕೆ ಮುಂಚೆ ತಾವು ಗೋವಾದ ಬ್ರಾಹ್ಮಣರು, ಪ್ರಭು ಎಂಬ ಹೆಸರಿನವರು ಎಂಬುದು ಅವರ ಮನೆಯ ಎಲ್ಲರಿಗೂ ಬಾಯಿಪಾಠ. ಕರಾವಳಿಯ ಬಹಳ ಕ್ರಿಶ್ಚಿಯನ್ ಮನೆಗಳಲ್ಲಿ ಹೀಗೆ ಹಳೆಯ ಹೆಸರೊಂದನ್ನು ಕಾದಿಟ್ಟುಕೊಂಡಿರುತ್ತಾರೆ. ಪ್ರಭುವಿನ ಮಗ ಸ್ಪೇನಿನ ರೊಡ್ರಿಗೊನ ಮಗನೂ ಆಗುವುದು ಹೇಗೆ ಎಂಬುದು ನನ್ನ ಪ್ರಶ್ನೆ.

ಅವರು ಒಂಚೂರೂ ವಿಚಲಿತರಾಗಲಿಲ್ಲ. "ಎರಡೂ ಉಂಟು. ಇಗರ್ಜಿಯಲ್ಲಿ ರೊಡ್ರಿಗಸ್. ಯಾರಾದ್ರೂ ಜಾತಿ ದೊಡ್ಡಸ್ತಿಕೆ ತೋರಿಸಿದ್ರೆ ಪ್ರಭು," ಎಂದರು. ಅಲ್ಲಿಗೆ ಚರ್ಚೆ ಖಲಾಸ್.

ಅವರ ಮಾತು ಪೂರ್ತಿ ಅರ್ಥವಾಗುತ್ತಿದ್ದದ್ದು ಆಫೀಸಿನಲ್ಲಿ ಒಬ್ಬರಿಗೆ ಮಾತ್ರ, ಅಬು ಸಾಲೆಮರಿಗೆ. ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವ ಅರಬ್ ಹಿರಿಯರು ಅವರು. ಈ ಊರಿನಲ್ಲಿ ಮನುಷ್ಯನ ಕೊನೆಯ ಹೆಸರೆಂದರೆ ಅವನ ಕುಲ, ಅವರ ಮಾತಿನಲ್ಲಿ ಖಬೀಲಾ. ಕುಲ ತಿಳಿದರೆ ಅವನು ಯಾರ ಕಡೆಯವನು, ಯಾರ ಮನೆಯಲ್ಲಿ ಊಟ ಮಾಡುತ್ತಾನೆ, ಯಾರ ಮೇಲೆ ಮುನಿಸಿಕೊಂಡಿದ್ದಾನೆ ಎಲ್ಲ ತಿಳಿದಂತೆ. "ರೊಡ್ರಿಗಸ್ ಖಬೀಲಾ?" ಎಂದು ಅಬು ಸಾಲೆಮ್ ಕೇಳಿದ್ದಕ್ಕೆ ಇವರು ಎದೆಯುಬ್ಬಿಸಿ, "ಖಬೀಲಾ. ವೆರಿ ಬಿಗ್ ಖಬೀಲಾ," ಎಂದಿದ್ದರು. ಅಂದಿನಿಂದ ಅಬು ಸಾಲೆಮ್ ಇವರನ್ನು ಕುಲದ ಹಿರಿಯರೊಬ್ಬರನ್ನು ಕಾಣುವ ಹಾಗೆ ಕಾಣುತ್ತಿದ್ದರು. ಇವರು ಕೋಣೆಯೊಳಗೆ ಬಂದರೆ ಎದ್ದು ನಿಲ್ಲುತ್ತಿದ್ದರು. ನಮ್ಮ ಜನರಲ್ ಮ್ಯಾನೇಜರಿಗೂ ಆ ಭಾಗ್ಯ ಇರಲಿಲ್ಲ.

ಇಲ್ಲಿ ಫುಟ್ಬಾಲ್ ವಿಶ್ವಕಪ್ ನಡೆದಾಗ ಅವರ ಸಂಭ್ರಮ ಹೇಳತೀರದು. ಸೂಖ್ ವಾಕಿಫ್ ಎಂಬ ಹಳೇ ಪೇಟೆಯ ಬೀದಿಗಳಲ್ಲಿ ದಕ್ಷಿಣ ಅಮೆರಿಕದ ಜನ ಗುಂಪುಗುಂಪಾಗಿ ಹಾಡುತ್ತಾ ಓಡಾಡುತ್ತಿದ್ದರು. ನಾನು, ನನ್ನ ಗಂಡ, ಅವರು, ಅವರ ಹೆಂಡತಿ ನಾಲ್ವರೂ ಹೋಗಿದ್ದೆವು. ಮುಂದೆ ಹೋಗುತ್ತಿದ್ದ ಒಬ್ಬ ಆಜಾನುಬಾಹುವಿನ ಬೆನ್ನ ಮೇಲೆ ದೊಡ್ಡ ಅಕ್ಷರಗಳಲ್ಲಿ ಆ ಹೆಸರು ಕಂಡದ್ದೇ ತಡ, ಇವರು ಓಡಿಹೋಗಿ ಹಿಂದಿನಿಂದ ತಬ್ಬಿಕೊಂಡರು. "ಬ್ರದರ್! ಐ ಆಮ್ ಆಲ್ಸೋ!" ಆ ಮನುಷ್ಯನೂ ಖುಷಿಯಾಗಿ ತಬ್ಬಿ, ಇವರನ್ನು ನೆಲದಿಂದ ಮೇಲೆತ್ತಿ, ಎರಡು ಸುತ್ತು ತಿರುಗಿಸಿ ಇಳಿಸಿದ. ಆಮೇಲೆ ತಿಳಿಯಿತು, ಅವನ ಹೆಸರು ಇನ್ನೇನೋ. ಬೆನ್ನ ಮೇಲಿದ್ದದ್ದು ಅವನ ಮೆಚ್ಚಿನ ಆಟಗಾರನ ಹೆಸರು, ಅಂಗಡಿಯಲ್ಲಿ ಕೊಂಡ ಅಂಗಿ. ನಾವೆಲ್ಲ ನಕ್ಕೆವು.

"ನಗ್ಬೇಡಿ," ಎಂದರು ಅವರು, ತಲೆಗೂದಲು ಸರಿಮಾಡಿಕೊಳ್ಳುತ್ತಾ. "ದುಡ್ಡು ಕೊಟ್ಟು ನಮ್ಮ ಹೆಸರು ಬೆನ್ನಿಗೆ ಹಾಕ್ಕೊಳ್ತಾರೆ ಅಂದ್ರೆ ನಾವು ಎಂತ ಜನ ಅಂತ ಲೆಕ್ಕ ಹಾಕಿ."

ಅವರ ಹೆಂಡತಿ ಒಂದು ಕ್ಲಿನಿಕ್ಕಿನಲ್ಲಿ ನರ್ಸು. ಅಳೆದು ಮಾತಾಡುವ ಹೆಂಗಸು. ಆವತ್ತು ನನ್ನ ಪಕ್ಕದಲ್ಲಿ ನಡೆಯುತ್ತಾ ಮೆಲ್ಲಗೆ ಹೇಳಿದರು: "ಇವರು ಒಬ್ಬನೇ ಮಗ. ಇವರ ಅಪ್ಪನೂ ಒಬ್ಬನೇ ಮಗ. ನಮ್ಮ ಮದುವೆಗೆ ನನ್ನ ಕಡೆಯಿಂದ ಎರಡು ಬಸ್ಸು ತುಂಬ ಜನ ಬಂದಿದ್ರು. ಇವರ ಕಡೆಯಿಂದ ಒಂದು ಅಂಬಾಸಿಡರ್, ಅದ್ರಲ್ಲೂ ಜಾಗ ಖಾಲಿ ಉಳಿದಿತ್ತು. ಆವತ್ತಿನಿಂದ ಶುರು ಇದು." ಅಲ್ಲಿಯ ತನಕ ನಾನು ಅವರನ್ನು ಬರೀ ತಮಾಷೆಯ ಮನುಷ್ಯ ಎಂದುಕೊಂಡಿದ್ದೆ. ಆಮೇಲೂ ತಮಾಷೆ ಮಾಡುವುದನ್ನು ಬಿಡಲಿಲ್ಲ, ಆದರೆ ಅವರ ಮೇಲಿನ ನನ್ನ ಪ್ರೀತಿ ಹೆಚ್ಚಿತು.

ಜೋಯೆಲ್ ಬಂದದ್ದು ಅದರ ಮರುವರ್ಷ. ಫಿಲಿಪೀನ್ಸಿನ ಯಾವುದೋ ಸಣ್ಣ ಊರಿನವನು, ನಮ್ಮ ಕಂಪನಿಗೆ ಡ್ರಾಫ್ಟ್ಸ್‌ಮನ್ ಆಗಿ ಬಂದ. ತಂದೆತಾಯಿ ಇಲ್ಲ, ಅಜ್ಜಿ ಸಾಕಿದ ಹುಡುಗ. ಅಡ್ಡಹೆಸರು ರೊಡ್ರಿಗೆಜ್. ಕುರ್ಚಿ ಹಿಂದಕ್ಕೆ ಸರಿಯಿತು, ಅಪ್ಪುಗೆ ಆಯಿತು, ಕಿಟಕಿ ಪಕ್ಕದ ಹಾಸಿಗೆ ಆಯಿತು. ಆದರೆ ಉಳಿದವರ ಹಾಗೆ ಇವನು ಒಂದು ಶುಕ್ರವಾರ ಉಂಡು ಹೋಗಿಬಿಡಲಿಲ್ಲ. ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟ. ಅವರ ಹೆಂಡತಿಗೆ ಅಷ್ಟು ಸಾಕಾಯಿತು. ಬಿನ್ ಮಹಮೂದ್ ಬಡಾವಣೆಯ ಅವರ ಫ್ಲ್ಯಾಟಿಗೆ ಪ್ರತಿ ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಅವನೂ ಬರತೊಡಗಿದ.

ಅವರ ಮಗಳು ರೀಮಾ. ಇಲ್ಲಿಯೇ ಹುಟ್ಟಿ ಬೆಳೆದು, ಇಲ್ಲಿಯೇ ಒಂದು ಶಾಲೆಯಲ್ಲಿ ಪಾಠ ಹೇಳುವ ಹುಡುಗಿ. ಮೊದಲ ಶುಕ್ರವಾರವೇ ಅಪ್ಪ ಅವನನ್ನು ಅವಳ ಮುಂದೆ ನಿಲ್ಲಿಸಿ, "ಇವನು ನಿನಗೆ ಅಣ್ಣ ಆಗ್ಬೇಕು. ಎರಡನೇ ದೊಡ್ಡಪ್ಪನ ಕಡೆ," ಎಂದು ಪರಿಚಯ ಮಾಡಿಸಿದರು. ಎರಡನೇ ದೊಡ್ಡಪ್ಪ ಎಂದರೆ ಮನಿಲಾಕ್ಕೆ ಹಡಗು ಹತ್ತಿದವನು. ರೀಮಾ ಗಂಭೀರವಾಗಿ ಕೈಕುಲುಕಿದಳಂತೆ.

ಅಣ್ಣ ಎಂದಮೇಲೆ ಇನ್ನೇನು ಅಡ್ಡಿ? ಅವಳನ್ನು ಶಾಲೆಯಿಂದ ಕರೆತರಬೇಕೆ, ಅಣ್ಣ ಹೋಗಲಿ. ಸಮುದ್ರದಂಚಿನ ಕಾರ್ನಿಶ್‌ನಲ್ಲಿ ನಡೆದುಬರಬೇಕೆ, ಜೊತೆಗೆ ಅಣ್ಣ ಇದ್ದಾನಲ್ಲ. ಡ್ರೈವಿಂಗ್ ಕಲಿಸಲು ಬೇರೆ ಯಾರನ್ನಾದರೂ ನಂಬಲಾಗುತ್ತದೆಯೇ? ಮಂಗಳೂರಿನ ಯಾವ ಹುಡುಗನಾದರೂ ಆ ಮನೆಯ ಸೋಫಾದಲ್ಲಿ ಅರ್ಧ ಗಂಟೆ ಹೆಚ್ಚು ಕೂತರೆ ಕೆಮ್ಮುತ್ತಿದ್ದ ಮನುಷ್ಯ, ಇವನಿಗೆ ಮನೆಯ ಕೀಲಿ ಕೊಟ್ಟಿದ್ದರು. ನಾನು ಒಂದೆರಡು ಸಲ ಆ ಮಕ್ಕಳನ್ನು ಮಾಲಿನಲ್ಲಿ ನೋಡಿದ್ದೆ. ಅಣ್ಣತಂಗಿಯರು ಒಂದೇ ಐಸ್‌ಕ್ರೀಮನ್ನು ಅಷ್ಟು ನಿಧಾನವಾಗಿ ತಿನ್ನುವುದಿಲ್ಲ ಎಂದು ಅನ್ನಿಸಿತ್ತು. ಆದರೆ ನನಗ್ಯಾಕೆ ಎಂದು ಸುಮ್ಮನಿದ್ದೆ.

ಒಂದು ಭಾನುವಾರ, ಅಂದರೆ ಇಲ್ಲಿಯ ವಾರದ ಮೊದಲ ಕೆಲಸದ ದಿನ, ಅವರು ಟೈ ಇಲ್ಲದೆ ಆಫೀಸಿಗೆ ಬಂದರು. ಮೇಜಿನ ಮೇಲೆ ಹೊಸ ಪಾಸ್‌ಪೋರ್ಟುಗಳ ಕಟ್ಟು ಬಿದ್ದಿತ್ತು, ತೆರೆಯಲಿಲ್ಲ. ಕರಕ್ ಚಹಾ ತರಿಸಿ ಕೊಟ್ಟೆ. ಅರ್ಧ ಕುಡಿದು ಬಾಯಿಬಿಟ್ಟರು.

"ಮನೆಯಲ್ಲಿ ಅಣ್ಣತಂಗಿ ಮದುವೆ ಆಗ್ತೇವೆ ಅಂತ ಕೂತಿದ್ದಾರೆ ಮೇಡಂ."

ನಾನು ನಗು ತಡೆಯಲು ಪಟ್ಟ ಪಾಡು ನನಗೇ ಗೊತ್ತು. "ಅಯ್ಯೋ ಸಾರ್, ಅವನು ನಿಜವಾದ ಅಣ್ಣ ಅಲ್ವಲ್ಲ. ಒಳ್ಳೇ ಹುಡುಗ, ನಿಮ್ಮ ಚರ್ಚಿನವನೇ. ಮಾಡಿಬಿಡಿ."

"ಅದೇ ಅಲ್ವಾ ಕಷ್ಟ," ಎಂದರು. "ಹುಡುಗನಲ್ಲಿ ಎಂತದೂ ದೋಷ ಇಲ್ಲ. ಆದ್ರೆ ನಾನು ಮದುವೆಗೆ ಹೂಂ ಅಂದ್ರೆ, ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದದ್ದು ಸುಳ್ಳು ಅಂತ ಆಯ್ತು. ನಾನು ಹೇಳಿದ್ದು ಸತ್ಯ ಅಂದ್ರೆ ಮದುವೆ ಮಾಡುವ ಹಾಗಿಲ್ಲ. ಒಂದೇ ರಕ್ತಕ್ಕೆ ಹೇಗೆ ಕೊಡುದು ಮಗಳನ್ನು? ಅವಳು ಹೇಳ್ತಾಳೆ, ಡ್ಯಾಡಾ ಬೇಡ ಅಂದ್ರೆ ಮಾಡ್ಕೊಳ್ಳುದಿಲ್ಲ, ಆದ್ರೆ ಬೇರೆ ಯಾರನ್ನೂ ಮಾಡ್ಕೊಳ್ಳುದಿಲ್ಲ ಅಂತ. ಅವಳು ಹೇಳಿದ್ರೆ ಹೇಳಿದ್ದೇ. ಅವಳ ತಾಯಿಯ ಹಾಗೆ."

ಅವರ ಕಣ್ಣು ಕೆಂಪಾಗಿತ್ತು. ನಗು ನನ್ನೊಳಗೇ ಇಂಗಿಹೋಯಿತು. ಸಮಾಧಾನ ಮಾಡೋಣವೆಂದು, ನಮ್ಮ ಕಡೆಯ ಒಂದು ಉಪಾಯ ಹೇಳಿದೆ. ನಮ್ಮಲ್ಲಿ ಹುಡುಗ ಹುಡುಗಿ ಒಂದೇ ಗೋತ್ರದವರಾಗಿ, ಇಬ್ಬರೂ ಹಟ ಹಿಡಿದರೆ, ಹುಡುಗಿಯನ್ನು ಬೇರೆ ಗೋತ್ರದ ದಂಪತಿಗೆ, ಹೆಚ್ಚಾಗಿ ಸೋದರಮಾವನಿಗೆ, ದತ್ತು ಕೊಟ್ಟುಬಿಡುತ್ತಾರೆ. ಗೋತ್ರ ಬದಲಾಯಿತು, ತಾಳಿ ಕಟ್ಟಲು ದಾರಿಯಾಯಿತು. ನನ್ನ ಚಿಕ್ಕಮ್ಮನ ಮಗಳದ್ದು ಹಾಗೇ ಆದದ್ದು. ಇದನ್ನು ನಾನು ಹಗುರವಾಗಿ ಹೇಳಿದ್ದು, ಅವರ ಮುಖದಲ್ಲಿ ನಗು ಬರಲಿ ಎಂದು.

ಅವರಿಗೆ ನಗು ಬರಲಿಲ್ಲ, ಬೆಳಕು ಬಂತು. "ಅವಳ ಮಾವ ಡಿಸೋಜ," ಎಂದು ಎದ್ದು ನಿಂತರು. "ಅವನು ದತ್ತು ತಗೊಂಡ್ರೆ ಅವಳು ಡಿಸೋಜ. ಆಮೇಲೆ ರೊಡ್ರಿಗೆಜ್‌ಗೆ ಕೊಡಬಹುದು! ಎಂತ ತಲೆ ನಿಮ್ಮದು ಮೈಸೂರಿನವರದ್ದು!" ಪೂರ್ತಿ ಚಹಾ ಕುಡಿದು, ಪಾಸ್‌ಪೋರ್ಟುಗಳನ್ನು ಹಾಗೇ ಬಿಟ್ಟು ಮನೆಗೆ ಹೋದರು.

ಮಾರನೆಯ ದಿನ ಅವರ ಹೆಂಡತಿಯಿಂದ ನನಗೆ ಫೋನು ಬಂತು. "ನೀವು ಅಲ್ವಾ ಅದನ್ನು ಹೇಳಿಕೊಟ್ಟದ್ದು? ಹೊತ್ತದ್ದು ನಾನು, ಹೆತ್ತದ್ದು ನಾನು, ನೈಟ್ ಡ್ಯೂಟಿ ಮಾಡಿ ಸಾಕಿದ್ದು ನಾನು. ಈಗ ನನ್ನ ತಮ್ಮನಿಗೆ ದತ್ತು! ಅವನಿಗೆ ಒಂದು ನಾಯಿ ಸಾಕ್ಲಿಕ್ಕೆ ಬರುದಿಲ್ಲ." ನಾನು ಕ್ಷಮೆ ಕೇಳಿದೆ. "ಕ್ಷಮೆ ಇರ್ಲಿ. ಶುಕ್ರವಾರ ಊಟಕ್ಕೆ ಬನ್ನಿ. ಜೋಯೆಲ್‌ನ ಅಜ್ಜಿ ಫೋನಿನಲ್ಲಿ ಮಾತಾಡ್ತಾರೆ. ಇವರು ಅವರ ಹತ್ರ ವಂಶದ ವಿಷಯ ಕೇಳ್ಬೇಕಂತೆ. ಹೊರಗಿನವರು ಒಬ್ಬರಾದ್ರೂ ಇದ್ರೆ ಇವರು ಸ್ವಲ್ಪ ಮರ್ಯಾದೆಯಲ್ಲಿ ಇರ್ತಾರೆ," ಎಂದರು.

ನಡುವೆ ಅಬು ಸಾಲೆಮರ ಕಿವಿಗೂ ವಿಷಯ ಬಿದ್ದಿತ್ತು. ಅವರು ನೇರ ಬಂದು ಇವರ ಎರಡೂ ಕೈ ಹಿಡಿದು, "ಮಬ್ರೂಕ್! ದೊಡ್ಡಪ್ಪನ ಕಡೆ ಹುಡುಗ? ಇದಕ್ಕಿಂತ ಒಳ್ಳೆಯದು ಯಾವುದಿದೆ? ಯಲ್ಲಾ, ಬೇಗ ಮುಗಿಸಿ," ಎಂದು ಹರಸಿಬಿಟ್ಟರು. ಅವರಲ್ಲಿ ಅಪ್ಪನ ಅಣ್ಣತಮ್ಮಂದಿರ ಮಕ್ಕಳ ನಡುವೆ ಸಂಬಂಧ ಬೆಳೆಸುವುದು ಮೆಚ್ಚುಗೆಯ ಮಾತು. ಕುಲದ ಮಗಳು ಕುಲದಲ್ಲೇ ಉಳಿದಳಲ್ಲ ಎಂಬ ನೆಮ್ಮದಿ. ಇವರು ತಬ್ಬಿಬ್ಬಾಗಿ ನನ್ನ ಕಡೆ ನೋಡಿದರು. ನನ್ನ ಅಪ್ಪ ಅಮ್ಮ ಸೋದರತ್ತೆಯ ಮಗ, ಸೋದರಮಾವನ ಮಗಳು. ಅದು ನಮ್ಮಲ್ಲಿ ಸರಿ, ಇದು ತಪ್ಪು. ಯಾಕೆ ಎಂದು ಅಬು ಸಾಲೆಮರಿಗೆ ಬಿಡಿಸಿ ಹೇಳಲು ಹೋಗಿ ನಾನೇ ಸಿಕ್ಕಿಹಾಕಿಕೊಂಡೆ.

ಶುಕ್ರವಾರ ಮಧ್ಯಾಹ್ನ ಬಿನ್ ಮಹಮೂದಿನ ಆ ಸಣ್ಣ ಹಜಾರದಲ್ಲಿ ಟಿವಿಗೆ ಫೋನನ್ನು ಜೋಡಿಸಿ, ಅಜ್ಜಿಯನ್ನು ದೊಡ್ಡದಾಗಿ ಕೂರಿಸಿದ್ದರು. ಬಿಳಿಗೂದಲಿನ ಚಿಕ್ಕ ಮುಖ, ಹಿಂದೆ ಕೋಳಿ ಕೂಗುವ ಸದ್ದು. ಇವರು ಟೈ ಕಟ್ಟಿಕೊಂಡು ಟಿವಿಯ ಮುಂದೆ ನೆಟ್ಟಗೆ ಕೂತರು. ರೀಮಾ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಅವಳ ಕೈಯಲ್ಲಿದ್ದ ಕರವಸ್ತ್ರ ಹಗ್ಗದಂತೆ ಹೊಸೆದುಹೋಗಿತ್ತು. ಇವರು ಇಂಗ್ಲಿಷಿನಲ್ಲಿ ಕೇಳಿದ್ದನ್ನು ಜೋಯೆಲ್ ಅಜ್ಜಿಗೆ ಅವರ ಮಾತಿನಲ್ಲಿ ಹೇಳಬೇಕು, ಅಜ್ಜಿ ಹೇಳಿದ್ದನ್ನು ನಮಗೆ ಇಂಗ್ಲಿಷಿನಲ್ಲಿ.

"ನಿಮ್ಮ ಮೂಲ ಪುರುಷ ಸ್ಪೇನಿನ ಯಾವ ಊರಿನಿಂದ ಬಂದವರು?" ಇದು ಇವರ ಮೊದಲ ಪ್ರಶ್ನೆ.

ಅಜ್ಜಿ ಜೋಯೆಲ್‌ನ ಕಡೆಯಿಂದ ಎರಡು ಸಲ ಕೇಳಿಸಿಕೊಂಡರು. ಆಮೇಲೆ ನಗಲು ಶುರುಮಾಡಿದರು. ಹಲ್ಲಿಲ್ಲದ ಬಾಯಿಯ ಆ ನಗು ಟಿವಿಯ ತುಂಬ ಹರಡಿತು. ತಮ್ಮ ಊರಿನಲ್ಲಿ ಸ್ಪೇನಿನವರೆಂದರೆ ಒಬ್ಬ ಪಾದ್ರಿ, ಅವನಿಗೂ ಮಕ್ಕಳಿಲ್ಲ, ಇದ್ದರೂ ಹೇಳುವ ಹಾಗಿಲ್ಲ ಎಂದರು. ಹೆಸರು ಬಂದದ್ದು ಹೀಗೆ. ಅವರ ಗಂಡನ ಅಜ್ಜನ ಅಜ್ಜನ ಕಾಲದಲ್ಲಿ ಊರಿನವರಿಗೆ ಅಡ್ಡಹೆಸರೇ ಇರಲಿಲ್ಲವಂತೆ. ತೆರಿಗೆ ಕಟ್ಟಿಸಿಕೊಳ್ಳಲು ಸ್ಪೇನಿನ ಸರ್ಕಾರಕ್ಕೆ ಕಷ್ಟವಾಯಿತು. ಹೆಸರುಗಳ ಒಂದು ದೊಡ್ಡ ಪುಸ್ತಕ ಮಾಡಿಸಿ, ಊರಿಗೆ ಒಂದಿಷ್ಟು ಹಾಳೆಯಂತೆ ಹಂಚಿಬಿಟ್ಟರು. ಇವರ ಊರಿಗೆ ಬಂದದ್ದು 'ರ' ಅಕ್ಷರದ ಹಾಳೆ. ಊರಿನಲ್ಲಿ ಇವತ್ತಿಗೂ ರೇಯೆಸ್, ರಾಮೊಸ್, ರಿವೆರಾ, ರೊಮೆರೊ, ಬರೀ ಇವರೇ. ಶಾಲೆಯಲ್ಲಿ ಹಾಜರಿ ಕೂಗುವಾಗ ಬೇರೆ ಅಕ್ಷರವೇ ಬರುವುದಿಲ್ಲ. ಪಕ್ಕದ ಊರಿನವರದ್ದು ಬೇರೆ ಅಕ್ಷರ.

"ನಮ್ಮಜ್ಜನ ಅಜ್ಜನಿಗೆ ರೇಯೆಸ್ ಬೇಕಿತ್ತಂತೆ," ಎಂದು ಜೋಯೆಲ್ ಅಜ್ಜಿಯ ಮಾತನ್ನು ತಲುಪಿಸಿದ. "ಅದಕ್ಕೆ ರಾಜರು ಅಂತ ಅರ್ಥ. ಆದರೆ ಸಾಲಿನಲ್ಲಿ ಮುಂದೆ ನಿಂತಿದ್ದವನು ಅದನ್ನು ತಗೊಂಡುಬಿಟ್ಟನಂತೆ. ಇವರಿಗೆ ಉಳಿದದ್ದು ಇದು."

ಮೂರು ಅಣ್ಣತಮ್ಮಂದಿರಲ್ಲಿ ಒಬ್ಬನ ಹಡಗು ನಮ್ಮ ಕಣ್ಣೆದುರಿಗೇ ಮುಳುಗಿಹೋಗಿತ್ತು. ಮೂರನೆಯವನ ಹಡಗೂ ಹೆಚ್ಚು ಹೊತ್ತು ತೇಲುವಂತಿರಲಿಲ್ಲ. ಗೋವಾದಲ್ಲಿ ಜ್ಞಾನಸ್ನಾನ ಕೊಟ್ಟ ಯಾವನೋ ಪಾದ್ರಿಯ ಹೆಸರು ಪ್ರಭುಗಳ ಮನೆಗೆ ಅಂಟಿಕೊಂಡದ್ದು ಅವರಿಗೆ ಗೊತ್ತಿಲ್ಲದ ವಿಷಯವೇನಲ್ಲ. ಇಷ್ಟು ವರ್ಷ ಅದರ ಮೇಲೆ ಹೆಬ್ಬೆರಳು ಇಟ್ಟುಕೊಂಡಿದ್ದರು, ಅಷ್ಟೇ.

ರೀಮಾಳ ಮುಖದಲ್ಲಿ ಆಸೆ ಕಾಣಿಸಿತು. ರಕ್ತ ಬೇರೆ ಎಂದು ಸಾಕ್ಷಿ ಸಮೇತ ಸಾಬೀತಾಗಿದೆ. ಇನ್ನು ಅಪ್ಪ ಹೂಂ ಎನ್ನಬೇಕು, ಅಷ್ಟೇ. ಆದರೆ ಅವರು ಮಗಳ ಕಡೆ ನೋಡಲಿಲ್ಲ. ಟಿವಿಗೆ ಇನ್ನಷ್ಟು ಹತ್ತಿರ ಬಾಗಿ, ಮೆಲ್ಲಗೆ ಇನ್ನೊಂದು ಪ್ರಶ್ನೆ ಕೇಳಿದರು.

"ಅದಕ್ಕೆ ಮೊದಲು ನಿಮ್ಮ ಮನೆಯವರನ್ನು ಎಂತ ಹೇಳಿ ಕರೀತಿದ್ರು? ಹಳೇ ಹೆಸರು?"

ಅಜ್ಜಿಯ ನಗು ನಿಂತಿತು. ಗೊತ್ತಿಲ್ಲ, ಯಾರಿಗೂ ನೆನಪಿಲ್ಲ ಎಂದರು. ಕೋಳಿ ಮತ್ತೆ ಕೂಗಿತು.

ಅವರು ಟೈ ಸಡಿಲಿಸಿಕೊಂಡು ಕನ್ನಡದಲ್ಲಿ, ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ಗೊತ್ತಾಗದ ಹಾಗೆ, "ಪಾಪ ಅಲ್ವಾ. ನಮಗೆ ಪಾದ್ರಿ ಕೊಟ್ಟ, ಇವರಿಗೆ ಸರ್ಕಾರ ಕೊಟ್ಟಿತು. ನಮ್ಮದಾದ್ರೂ ಹಳೇದು ನೆನಪುಂಟು. ಇವರದ್ದು ಅದೂ ಇಲ್ಲ. ಒಂದೇ ಹೆಸರು ಇರುದು ಇವರಿಗೆ," ಎಂದರು. ಮತ್ತೆ ಎದ್ದು ಹೋಗಿ ಜೋಯೆಲ್‌ನ ಭುಜ ಹಿಡಿದು, "ನೀನು ಅಣ್ಣ ಅಲ್ಲ. ಖಲಾಸ್. ಡೇಟ್ ನೋಡು," ಎಂದರು. ಆ ಕನ್ನಡದಲ್ಲಿ ಅವನಿಗೆ ಖಲಾಸ್ ಮತ್ತು ಡೇಟ್ ಎರಡೇ ಅರ್ಥವಾದದ್ದು. ಸಂಬಂಧವೇ ಮುಗಿಯಿತೆಂದು ಹುಡುಗ ಬಿಳಿಚಿಕೊಂಡ. ರೀಮಾ ಓಡಿಬಂದು ಅಪ್ಪನ ಕುತ್ತಿಗೆಗೆ ಜೋತುಬಿದ್ದಮೇಲೆ ಅವನಿಗೆ ಉಸಿರು ಬಂತು.

ಅವರ ಹೆಂಡತಿ ಅಡುಗೆಮನೆಯಿಂದ, "ಇಷ್ಟಕ್ಕೆ ಒಂದು ವಾರ ನನ್ನ ತಮ್ಮನ ತಲೆ ತಿಂದದ್ದು," ಎಂದು ಹೇಳಿ ಸನ್ನದ ತಟ್ಟೆ ತಂದಿಟ್ಟರು.

ಮದುವೆ ದೋಹಾದಲ್ಲೇ ನಡೆಯಿತು. ಹಿಂದಿನ ದಿನ ಅದೇ ಫ್ಲ್ಯಾಟಿನಲ್ಲಿ ರೋಸ್ ಆಯಿತು. ಹುಡುಗಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ನನ್ನ ಕೈಯಿಂದಲೂ ಹಚ್ಚಿಸಿದರು. ಆ ಹಾಲು ಬಾಲ್ಕನಿಯಿಂದ ಕೆಳಗಿನ ಮನೆಯವರು ಒಣಹಾಕಿದ್ದ ಬಟ್ಟೆಗೆ ಸೋರಿ, ಅವರು ಮೇಲೆ ಬಂದು ಜಗಳ ತೆಗೆದು, ಕೊನೆಗೆ ಊಟ ಮಾಡಿ ಹೋದರು. ಅವರ ಅಡ್ಡಹೆಸರು ಬೇರೆ ಏನೋ ಇತ್ತು. ಇವರು ಕೇಳಲಿಲ್ಲ. ಅದನ್ನು ನಾನು ಗಮನಿಸಿದೆ. ಆ ವಾರ ಆಫೀಸಿನಲ್ಲೂ ಪಾಸ್‌ಪೋರ್ಟುಗಳನ್ನು ಹೆಬ್ಬೆರಳು ಇಡದೆ ತೆರೆಯುತ್ತಿದ್ದರು. ಒಬ್ಬ ಹೊಸ ರೊಡ್ರಿಗೆಜ್ ಬಂದು ಹೋದಾಗಲೂ ಕುರ್ಚಿ ಸದ್ದು ಮಾಡಲಿಲ್ಲ. ನನಗೆ ಬೇಜಾರಾಯಿತು. ಮಗಳ ಮದುವೆಗೆ ಅವರು ತೆತ್ತದ್ದು ಇದು ಎಂದುಕೊಂಡೆ.

ಮದುವೆಯ ದಿನ ಸಭಾಂಗಣದಲ್ಲಿ ಎರಡು ಕಡೆ ಕುರ್ಚಿ ಹಾಕಿದ್ದರು, ಹೆಣ್ಣಿನ ಕಡೆ ಮತ್ತು ಗಂಡಿನ ಕಡೆ. ಇಷ್ಟು ವರ್ಷ ಅವರು ಕಿಟಕಿ ಪಕ್ಕದ ಹಾಸಿಗೆ ಕೊಟ್ಟವರು, ಸನ್ನ ಉಣ್ಣಿಸಿದವರು ಎಲ್ಲರೂ ಬಂದಿದ್ದರು. ಮನಿಲಾದವರು, ಗೋವಾದವರು, ಆ ಆಸ್ಪತ್ರೆಯ ಸೆಕ್ಯೂರಿಟಿಯವನು. 'ನಾವು ಅಂಕಲ್ ಕಡೆಯವರು' ಎಂದು ಅಷ್ಟೂ ಜನ ಹೋಗಿ ಹೆಣ್ಣಿನ ಕಡೆ ಕೂತುಬಿಟ್ಟರು. ಅಬು ಸಾಲೆಮರೂ ಬಂದು, ಕುಲದ ಹಿರಿಯನಿಗೆ ಹತ್ತಿರದ ಕುರ್ಚಿ ಹಿಡಿದರು. ತನ್ನ ಮದುವೆಗೆ ಅಂಬಾಸಿಡರಿನಲ್ಲೂ ಜಾಗ ಖಾಲಿ ಉಳಿದಿದ್ದ ಮನುಷ್ಯನ ಹಿಂದೆ ಈಗ ನಿಲ್ಲಲು ಜಾಗವಿಲ್ಲ. ಗಂಡಿನ ಕಡೆ ಜೋಯೆಲ್‌ನ ರೂಮಿನ ಹುಡುಗರು ನಾಲ್ಕಾರು ಮಂದಿ, ಅಷ್ಟೇ. ಅಜ್ಜಿಗೆ ಅಷ್ಟು ದೂರ ವಿಮಾನದಲ್ಲಿ ಬರಲು ಡಾಕ್ಟರು ಬೇಡವೆಂದಿದ್ದರು.

ಊಟಕ್ಕೆ ಮುಂಚೆ ಹೆಣ್ಣೊಪ್ಪಿಸುವ ಶಾಸ್ತ್ರ. ಹುಡುಗಿಯ ಅಪ್ಪ ಮಗಳನ್ನು ಮುಂದೆ ನಿಲ್ಲಿಸಿ, ಗಂಡಿನ ಕಡೆಯ ಹಿರಿಯರಿಗೆ ಒಪ್ಪಿಸಿ ಕೊಡಬೇಕು. ಆ ಹಿರಿಯರು ಮಾತಿಗೆ ಮಾತು ಕೊಟ್ಟು ಸ್ವೀಕರಿಸಬೇಕು. ಅವರು ಕೊಂಕಣಿಯಲ್ಲಿ ಹೇಳಿದರು. ಪಕ್ಕದಲ್ಲಿದ್ದ ಅವರ ಹೆಂಡತಿ ನನಗೆ ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದರು. ಇಷ್ಟು ದಿನ ಇವಳು ನಮ್ಮ ಮನೆಯ ಮಗಳು. ಇವಳ ತಪ್ಪು ಒಪ್ಪು ನಾವು ನೋಡಿಕೊಂಡೆವು. ಇವತ್ತಿನಿಂದ ಇವಳನ್ನು ನಿಮ್ಮ ಮನೆಗೆ ಒಪ್ಪಿಸುತ್ತಿದ್ದೇವೆ. ಅವರ ದನಿ ಗಟ್ಟಿಯಾಗಿಯೇ ಇತ್ತು. ಹೇಳಿ ಮುಗಿಸಿ ಎದುರಿಗೆ ನೋಡಿದರು.

ಎದುರಿಗೆ ಹಿರಿಯರು ಯಾರೂ ಇರಲಿಲ್ಲ. ಈ ಶಾಸ್ತ್ರಕ್ಕೆ ಎರಡೂ ಕಡೆ ಜನ ಬೇಕು ಎಂಬುದು ಆ ಗಡಿಬಿಡಿಯಲ್ಲಿ ಯಾರ ತಲೆಗೂ ಹೋಗಿರಲಿಲ್ಲ. ಜೋಯೆಲ್‌ನ ರೂಮಿನ ಹುಡುಗರು ಒಬ್ಬರನ್ನೊಬ್ಬರು ನೋಡಿಕೊಂಡರು. ಜೋಯೆಲ್ ತಲೆ ತಗ್ಗಿಸಿ ತನ್ನ ಹೊಸ ಬೂಟುಗಳನ್ನು ನೋಡುತ್ತಾ ಒಬ್ಬನೇ ನಿಂತಿದ್ದ.

"ನಾನಿದ್ದೇನಲ್ಲ," ಎಂದರು ಅವರು, ಕನ್ನಡದಲ್ಲಿ. "ಇವನೂ ನಮ್ಮ ರೊಡ್ರಿಗಸ್ ಅಲ್ವಾ."

ಮಗಳ ಕೈ ಬಿಟ್ಟು, ಕೋಟು ಸರಿಮಾಡಿಕೊಂಡು, ಮದುಮಕ್ಕಳನ್ನು ಸುತ್ತು ಹಾಕಿ ನಡೆದು ಆ ಕಡೆಗೆ ಹೋಗಿ ನಿಂತರು. ಹೋದದ್ದೇ ಹುಡುಗನ ತೋಳಿಗೆ ತೋಳು ಸೇರಿಸಿ, ಎದೆಯುಬ್ಬಿಸಿ, ದೊಡ್ಡಪ್ಪನ ಗತ್ತಿನಲ್ಲಿ ತಲೆ ಎತ್ತಿದರು. ಜನ ನಗತೊಡಗಿದರು. "ಕೊಡುದೂ ಇವರೇ, ತಗೊಳ್ಳುದೂ ಇವರೇ," ಎಂದು ಅವರ ಹೆಂಡತಿ ಕಣ್ಣೊರೆಸಿಕೊಂಡರು. ಇವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಆಮೇಲೆ, ಒಂದು ಗಳಿಗೆಯ ಹಿಂದೆ ತಾವೇ ನಿಂತಿದ್ದ ಆ ಖಾಲಿ ಜಾಗದ ಕಡೆ ನೋಡುತ್ತಾ, ಗಂಡಿನ ಕಡೆಯ ಮಾತು ಹೇಳಿದರು. ನಿಮ್ಮ ಮಗಳನ್ನು ನಾವು ಒಪ್ಪಿಕೊಂಡೆವು. ನೀವು ಇನ್ನು ಚಿಂತೆ ಮಾಡಬೇಡಿ, ಅವಳಿಗೆ ನಾವಿದ್ದೇವೆ.

ಒಪ್ಪಿಸುವಾಗ ಒಡೆಯದಿದ್ದ ದನಿ ಆಗ ಒಡೆಯಿತು.